ನಿವೃತ್ತರ ಪರದೇಶವಾಸ: ವೀಸಾ ನವೀಕರಣವೂ ನಮ್ಮ ಪಿಂಚಣಿಯೂ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಮಾತು. ಸ್ವಂತ ಮನೆಯಲ್ಲಿ ಹಾಸಿಗೆಯ ಉದ್ದ ಎಷ್ಟೆಂಬುದು ಮಲಗುವವನಿಗೆ ಗೊತ್ತಿರುತ್ತದೆ. ಆದರೆ ಪರದೇಶದಲ್ಲಿ ನೆಲಸಲು ಹೊರಟ ನಿವೃತ್ತನ ಹಾಸಿಗೆಯನ್ನು ಅಳೆಯುವವರು ಆ ದೇಶದ ಸರಕಾರದವರು. ಅವರು ಒಮ್ಮೆ ಅಳೆದು ಸುಮ್ಮನಾಗುವವರಲ್ಲ. ಪರವಾನಗಿಯ ಅವಧಿ ಮುಗಿದಾಗಲೆಲ್ಲ ಮತ್ತೆ ಅಳೆಯುತ್ತಾರೆ. ಈ ಪುನಃಪುನಃ ಅಳತೆಯ ವಿಚಾರವನ್ನು ನಮ್ಮವರು ಹೊರಡುವ ಸಂಭ್ರಮದಲ್ಲಿ ಮರೆಯುತ್ತಾರೆ. ಅದನ್ನು ನೆನಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮುಂಬಯಿಗೆ ಬಂದ ಕನ್ನಡಿಗರಲ್ಲಿ ಹೋಟೆಲು ಉದ್ಯಮಿಗಳು, ಗಿರಣಿ ಕಾರ್ಮಿಕರು, ಕಚೇರಿ ನೌಕರರು ಇದ್ದಂತೆಯೇ ಬ್ಯಾಂಕು ನೌಕರರೂ ಬಹುಸಂಖ್ಯೆಯಲ್ಲಿದ್ದರು. ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ನಮ್ಮ ಎಷ್ಟೋ ಮನೆಗಳಿಗೆ ಅನ್ನ ನೀಡಿದವು. ಆ ಪೀಳಿಗೆ ಈಗ ನಿವೃತ್ತವಾಗಿದೆ. ಮಕ್ಕಳು ದುಬಾಯಿ, ಸಿಂಗಾಪುರ, ಬ್ಯಾಂಕಾಕುಗಳಲ್ಲಿದ್ದಾರೆ. ಮಾಟುಂಗಾ, ಮುಲುಂಡ್, ಗೋರೆಗಾಂವ್, ಡೊಂಬಿವಲಿಗಳಲ್ಲಿ ಹಿರಿಯರು ನಾಲ್ವರು ಕೂಡಿದಲ್ಲಿ "ಮಗ ಕರೆಯುತ್ತಿದ್ದಾನೆ, ಹೋಗಿ ಅಲ್ಲೇ ಇದ್ದುಬಿಡೋಣವೇ?" ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಮನಸ್ಸಿಗೆ ಸಂಬಂಧಪಟ್ಟದ್ದು. ಆದರೆ ಅದಕ್ಕೆ ಮೊದಲು ಒಂದು ಲೆಕ್ಕ ಮಾಡಬೇಕಾಗುತ್ತದೆ.

ನಿವೃತ್ತಿ ವೀಸಾ ಎಂದರೇನು?

ಪ್ರವಾಸಿ ವೀಸಾ ಕೆಲವು ವಾರ ಅಥವಾ ತಿಂಗಳುಗಳದು. ನಿವೃತ್ತಿ ವೀಸಾ ದೀರ್ಘಕಾಲ ವಾಸಿಸಲು ಕೊಡುವ ಅನುಮತಿ. ಇದಕ್ಕೆ ಸಾಮಾನ್ಯವಾಗಿ ಮೂರು ಷರತ್ತುಗಳಿರುತ್ತವೆ: ನಿಗದಿತ ವಯಸ್ಸು ದಾಟಿರಬೇಕು, ಆ ದೇಶದಲ್ಲಿ ಉದ್ಯೋಗ ಮಾಡಕೂಡದು, ತನ್ನ ಹೊಟ್ಟೆಪಾಡನ್ನು ತನ್ನ ಹಣದಿಂದಲೇ ನಡೆಸಬಲ್ಲೆನೆಂದು ತೋರಿಸಬೇಕು. ಮೊದಲನೆಯ ಷರತ್ತನ್ನು ಒಮ್ಮೆ ಪೂರೈಸಿದರೆ ಸಾಕು. ಮೂರನೆಯದನ್ನು ಪ್ರತಿ ನವೀಕರಣದಲ್ಲೂ ರುಜುವಾತುಪಡಿಸಬೇಕು.

ಎಲ್ಲ ದೇಶಗಳಲ್ಲಿಯೂ ಈ ಸೌಲಭ್ಯವಿಲ್ಲ. ಅಮೆರಿಕದಲ್ಲಿ ನಿವೃತ್ತರಿಗೆಂದೇ ಪ್ರತ್ಯೇಕ ವೀಸಾ ಇಲ್ಲ. ಬ್ರಿಟನ್ ತನ್ನಲ್ಲಿದ್ದ ಈ ವರ್ಗವನ್ನು 2008ರಲ್ಲಿ ಹೊಸಬರಿಗೆ ಮುಚ್ಚಿತು; ಆಸ್ಟ್ರೇಲಿಯ 2018ರಲ್ಲಿ ಮುಚ್ಚಿತು. ಮಲೇಶಿಯ 2002ರಿಂದ ನಡೆಸುತ್ತಿದ್ದ ಯೋಜನೆಯಲ್ಲಿ ತಿಂಗಳಿಗೆ 10,000 ರಿಂಗಿಟ್ ಇದ್ದ ಆದಾಯದ ಷರತ್ತನ್ನು 2021ರಲ್ಲಿ ಒಮ್ಮೆಲೇ 40,000ಕ್ಕೆ ಏರಿಸಿತು; ಮತ್ತೆ 2024ರಲ್ಲಿ ದೊಡ್ಡ ಮೊತ್ತದ ಠೇವಣಿಗೆ ಪ್ರಾಧಾನ್ಯ ಕೊಟ್ಟು ಯೋಜನೆಯ ರೂಪವನ್ನೇ ಬದಲಿಸಿತು. ಇಂದಿನ ನಿಯಮ ನಮ್ಮ ಆಯುಷ್ಯದುದ್ದಕ್ಕೂ ಇರುತ್ತದೆಂದು ನಂಬಿ ಇಲ್ಲಿಯ ಮನೆಯನ್ನು ಮಾರಿ ಹೊರಡಬಾರದು ಎಂಬ ಪಾಠ ಇದರಲ್ಲಿದೆ.

ದುಬಾಯಿಯ ಲೆಕ್ಕ

ನಮ್ಮವರು ಅತಿ ಹೆಚ್ಚಾಗಿ ವಿಚಾರಿಸುವುದು ಸಂಯುಕ್ತ ಅರಬ್ ಸಂಸ್ಥಾನವನ್ನು. ಅಲ್ಲಿ ನಿವೃತ್ತರಿಗೆ ಐದು ವರ್ಷಗಳ ವಾಸದ ಅನುಮತಿ ದೊರೆಯುತ್ತದೆ. ಷರತ್ತುಗಳು ಪೂರೈಸುತ್ತಿದ್ದರೆ ನವೀಕರಿಸಬಹುದು. 10 ಲಕ್ಷ ದಿರ್ಹಮ್ ಬೆಲೆಯ ಸ್ಥಿರಾಸ್ತಿ, ಅಥವಾ 10 ಲಕ್ಷ ದಿರ್ಹಮ್ ಉಳಿತಾಯ, ಅಥವಾ ತಿಂಗಳಿಗೆ 20,000 ದಿರ್ಹಮ್ ಆದಾಯ ಇರಬೇಕು. ದುಬಾಯಿಯ ಮಟ್ಟಿಗೆ ಈ ಆದಾಯದ ಮಿತಿ 15,000 ದಿರ್ಹಮ್.

ಲೆಕ್ಕದ ಅನುಕೂಲಕ್ಕಾಗಿ ದಿರ್ಹಮಿಗೆ 24 ರೂಪಾಯಿ ಎಂದಿಟ್ಟುಕೊಳ್ಳೋಣ. 15,000 ದಿರ್ಹಮ್ ಎಂದರೆ ತಿಂಗಳಿಗೆ 3 ಲಕ್ಷ 60 ಸಾವಿರ ರೂಪಾಯಿ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಅಧಿಕಾರಿಯ ಪಿಂಚಣಿಯೂ ಇಷ್ಟನ್ನು ಮುಟ್ಟಲಾರದು. ಉಳಿತಾಯದ ಮಾರ್ಗಕ್ಕೆ 2 ಕೋಟಿ 40 ಲಕ್ಷ ರೂಪಾಯಿ ಬೇಕು. ಎಂದರೆ ಅನೇಕರ ಪಾಲಿಗೆ ಮುಂಬಯಿಯ ಮನೆಯನ್ನು ಮಾರುವುದೇ ಆಗುತ್ತದೆ. ಈ ಕಾರಣದಿಂದ ನಮ್ಮ ಬಹುತೇಕ ತಂದೆತಾಯಂದಿರು ಅಲ್ಲಿರುವುದು ನಿವೃತ್ತಿ ವೀಸಾದ ಮೇಲಲ್ಲ, ಮಕ್ಕಳ ಪ್ರಾಯೋಜಕತ್ವದ ಮೇಲೆ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಮಗನ ಅಥವಾ ಮಗಳ ಸಂಬಳ. ಅನುಮತಿ ವರ್ಷವರ್ಷ ನವೀಕರಣವಾಗಬೇಕು. ಮಗನ ನೌಕರಿ ಹೋದರೆ ತಂದೆತಾಯಿಯರ ವಾಸದ ಆಧಾರವೂ ಹೋಗುತ್ತದೆ. ಮಗನ ಮನೆಯಲ್ಲಿ ಇದ್ದೇವೆಂಬ ನೆಮ್ಮದಿಯಲ್ಲಿ ಇದನ್ನು ಮರೆಯಬಾರದು.

ಥಾಯ್ಲೆಂಡಿನ ಲೆಕ್ಕ

ಥಾಯ್ಲೆಂಡಿನ ಮಿತಿ ನಮ್ಮ ಮಧ್ಯಮ ವರ್ಗದ ಕೈಗೆ ಎಟುಕುವಂಥದು. 50 ವರ್ಷ ದಾಟಿದವರು ಸೂಕ್ತ ವೀಸಾದ ಮೇಲೆ ಪ್ರವೇಶಿಸಿ, ಅಲ್ಲಿಯ ವಲಸೆ ಕಚೇರಿಯಲ್ಲಿ ಒಂದೊಂದು ವರ್ಷದಂತೆ ವಿಸ್ತರಣೆ ಪಡೆಯಬಹುದು. ಹಣದ ಷರತ್ತನ್ನು ಮೂರು ವಿಧಗಳಲ್ಲಿ ಪೂರೈಸಬಹುದು:

ಒಂದು, ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾಟ್ ಠೇವಣಿ.

ಎರಡು, ತಿಂಗಳಿಗೆ 65,000 ಬಾಟ್ ಆದಾಯ.

ಮೂರು, ವರ್ಷದ ಆದಾಯವೂ ಠೇವಣಿಯೂ ಕೂಡಿ 8 ಲಕ್ಷ ಬಾಟ್.

ಬಾಟಿಗೆ 2 ರೂಪಾಯಿ 70 ಪೈಸೆ ಎಂದು ಲೆಕ್ಕ ಹಿಡಿದರೆ, ಮೊದಲನೆಯದಕ್ಕೆ 21 ಲಕ್ಷ 60 ಸಾವಿರ ರೂಪಾಯಿ ಬೇಕು. ಎರಡನೆಯದಕ್ಕೆ ತಿಂಗಳಿಗೆ 1 ಲಕ್ಷ 75 ಸಾವಿರದ 500 ರೂಪಾಯಿ ಬೇಕು. ಇನ್ನು ಮೂರನೆಯದು: ಒಬ್ಬರ ಪಿಂಚಣಿ 90,000 ರೂಪಾಯಿ ಎಂದಿರಲಿ. ಅದು ತಿಂಗಳಿಗೆ ಸುಮಾರು 33,333 ಬಾಟ್, ವರ್ಷಕ್ಕೆ 4 ಲಕ್ಷ ಬಾಟ್. ಉಳಿದ 4 ಲಕ್ಷ ಬಾಟನ್ನು, ಅಂದರೆ 10 ಲಕ್ಷ 80 ಸಾವಿರ ರೂಪಾಯಿಯನ್ನು, ಅಲ್ಲಿ ಠೇವಣಿ ಇಡಬೇಕು.

ಹೋಟೆಲು, ಅಂಗಡಿ ನಡೆಸಿದ ನಮ್ಮ ಬಂಧುಗಳಿಗೆ ಪಿಂಚಣಿ ಇಲ್ಲ. ಖಾಸಗಿ ಕಂಪೆನಿಗಳಲ್ಲಿ ದುಡಿದವರಿಗೆ ಭವಿಷ್ಯನಿಧಿ ಸಂಸ್ಥೆಯಿಂದ ಬರುವ ಪಿಂಚಣಿ ಅತ್ಯಲ್ಪ. ಅಂಥವರಿಗೆ ಮೊದಲನೆಯ ಮಾರ್ಗವೊಂದೇ. 2010ರ ಏಪ್ರಿಲ್ 1ರಿಂದ ಬ್ಯಾಂಕು ಸೇರಿದವರು ಹೊಸ ಪಿಂಚಣಿ ಪದ್ಧತಿಗೆ ಒಳಪಟ್ಟವರು. ಅವರ ವರ್ಷಾಶನಕ್ಕೆ ತುಟ್ಟಿಭತ್ಯೆಯ ಏರಿಕೆ ಇರುವುದಿಲ್ಲ. ಮುಂದೆ ನಿವೃತ್ತರಾಗುವ ತರುಣರು ಇದನ್ನು ಈಗಲೇ ಗಮನಿಸಬೇಕು.

ಠೇವಣಿ ಮಾರ್ಗದಲ್ಲಿ ಹಣವನ್ನು ಹೇಗೆ ಇಟ್ಟಿರಬೇಕೆಂಬುದಕ್ಕೂ ನಿಯಮವಿದೆ. 2019ರ ಮಾರ್ಚಿನಿಂದ ಜಾರಿಗೆ ಬಂದ ಕ್ರಮದಂತೆ, ಪೂರ್ಣ 8 ಲಕ್ಷ ಬಾಟ್ ಅರ್ಜಿಗೆ ಎರಡು ತಿಂಗಳು ಮುಂಚಿತವಾಗಿ ಖಾತೆಯಲ್ಲಿರಬೇಕು. ವಿಸ್ತರಣೆ ದೊರೆತ ಬಳಿಕ ಮೂರು ತಿಂಗಳು ಅಲುಗಾಡಬಾರದು. ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಹೀಗಾಗಿ ಈ ಹಣ ಹೆಸರಿಗೆ ನಮ್ಮದಾದರೂ ಖರ್ಚಿಗೆ ನಮ್ಮದಲ್ಲ. ನಿತ್ಯದ ಜೀವನಕ್ಕೆ ಬೇರೆ ಹಣ ಇರಲೇಬೇಕು. ಈ ಒಂದು ಅಂಶವನ್ನು ಗ್ರಹಿಸದೆ ಆಸ್ಪತ್ರೆಯ ಬಿಲ್ಲಿಗೆ ಠೇವಣಿ ಮುರಿದರೆ ಮುಂದಿನ ನವೀಕರಣದಲ್ಲಿ ತೊಡಕಾಗುತ್ತದೆ.

ಆದಾಯದ ಮಾರ್ಗಕ್ಕೆ ಸ್ವದೇಶದ ರಾಯಭಾರ ಕಚೇರಿಯ ಪತ್ರ, ಅಥವಾ ಹನ್ನೆರಡು ತಿಂಗಳೂ ಪರದೇಶದಿಂದ ಹಣ ಬಂದುದಕ್ಕೆ ಥಾಯ್ ಬ್ಯಾಂಕಿನ ದಾಖಲೆ ಬೇಕು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳ ರಾಯಭಾರ ಕಚೇರಿಗಳು ಪ್ರಜೆಗಳ ಆದಾಯವನ್ನು ತಾವು ಪರಿಶೀಲಿಸಲಾರೆವೆಂದು 2019ರ ಹೊತ್ತಿಗೆ ಇಂಥ ಪತ್ರಗಳನ್ನು ನಿಲ್ಲಿಸಿದವು. ಪತ್ರವನ್ನೇ ನೆಚ್ಚಿದ್ದ ಆ ದೇಶಗಳ ಎಷ್ಟೋ ನಿವೃತ್ತರು ತಿಂಗಳು ತಿಂಗಳು ಹಣ ತರಿಸುವ ದಾರಿಯನ್ನು ಅಥವಾ ಠೇವಣಿಯ ದಾರಿಯನ್ನು ಹಿಡಿಯಬೇಕಾಯಿತು. ನಮ್ಮವರೂ ಒಂದೇ ಕಾಗದವನ್ನು ನಂಬಿ ಕೂರದೆ, ಮೊದಲ ತಿಂಗಳಿನಿಂದಲೇ ಬ್ಯಾಂಕು ದಾಖಲೆಯನ್ನು ಕಟ್ಟುತ್ತಾ ಬರುವುದು ಜಾಣತನ. ಕಚೇರಿಯಿಂದ ಕಚೇರಿಗೆ ಕೇಳುವ ಕಾಗದಗಳಲ್ಲಿ ವ್ಯತ್ಯಾಸವಿರುವುದರಿಂದ ತಾವು ವಾಸಿಸುವ ಪ್ರಾಂತದ ವಲಸೆ ಕಚೇರಿಯಲ್ಲೇ ಮುಂಚಿತವಾಗಿ ವಿಚಾರಿಸತಕ್ಕದ್ದು.

ವಿನಿಮಯ ದರದ ಏರುಪೇರು

ನಮ್ಮ ಆದಾಯ ರೂಪಾಯಿಯಲ್ಲಿ, ಷರತ್ತು ಪರದೇಶದ ನಾಣ್ಯದಲ್ಲಿ. ನಡುವಿನ ಸೇತುವೆ ವಿನಿಮಯ ದರ. 2000ದ ಸುಮಾರಿಗೆ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು. ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಹಾಕಿದ ನಾಣ್ಯವಾದುದರಿಂದ ಆಗ ಅದರ ಬೆಲೆ ಸುಮಾರು 12 ರೂಪಾಯಿ. ಕಾಲು ಶತಮಾನದಲ್ಲಿ ಅದು ಸುಮಾರು ಇಮ್ಮಡಿಯಾಯಿತು. ಬಾಟ್ ಕೂಡ ಆಗ ಒಂದು ರೂಪಾಯಿಗಿಂತ ಸ್ವಲ್ಪವೇ ಹೆಚ್ಚಿತ್ತು.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಬಾಟಿನ ಬೆಲೆ 3 ರೂಪಾಯಿಗೆ ಏರಿತೆನ್ನಿ. ಅದೇ 90,000 ರೂಪಾಯಿ ಪಿಂಚಣಿ ಈಗ 30,000 ಬಾಟ್, ವರ್ಷಕ್ಕೆ 3 ಲಕ್ಷ 60 ಸಾವಿರ. ಪಿಂಚಣಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದಿದ್ದರೂ 40,000 ಬಾಟ್ ಕೊರತೆ ಬಿತ್ತು. ತುಂಬಲು 1 ಲಕ್ಷ 20 ಸಾವಿರ ರೂಪಾಯಿ ಹೆಚ್ಚಿಗೆ ಕಳುಹಿಸಬೇಕು. ತುಟ್ಟಿಭತ್ಯೆ ಏರುತ್ತದಲ್ಲವೇ ಎಂದು ಕೇಳಬಹುದು. ಏರುತ್ತದೆ, ಆದರೆ ಅದು ನಮ್ಮ ದೇಶದ ಬೆಲೆಯೇರಿಕೆಯನ್ನು ಅನುಸರಿಸಿ ಏರುತ್ತದೆಯೇ ಹೊರತು ಬಾಟಿನ ಬೆಲೆಯನ್ನು ಅನುಸರಿಸಿ ಅಲ್ಲ. ಆದುದರಿಂದ ಷರತ್ತಿಗೆ ಸರಿಯಾಗಿ ತಾಳೆಯಾಗುವ ಆದಾಯ ಸಾಲದು; ನೂರಕ್ಕೆ ಇಪ್ಪತ್ತೈದರಷ್ಟಾದರೂ ಹೆಚ್ಚುವರಿ ಇರಬೇಕೆಂಬುದು ನನ್ನ ಅಭಿಪ್ರಾಯ.

ನಿವೃತ್ತಿಯ ಸಮಯದಲ್ಲಿ ಪಿಂಚಣಿಯ ಮೂರನೆಯ ಒಂದು ಭಾಗದವರೆಗೆ ಒಟ್ಟುಹಣವಾಗಿ ಪರಿವರ್ತಿಸಿಕೊಳ್ಳುವ ಅವಕಾಶ ಬ್ಯಾಂಕು ನೌಕರರಿಗಿದೆ. ಹಾಗೆ ಮಾಡಿದರೆ ಹದಿನೈದು ವರ್ಷ ತಿಂಗಳ ಪಿಂಚಣಿ ಕಡಿಮೆ ಬರುತ್ತದೆ. ಆದಾಯದ ಮಾರ್ಗ ಹಿಡಿಯುವವರು ಇದನ್ನು ಎರಡು ಬಾರಿ ಯೋಚಿಸಬೇಕು. ಠೇವಣಿಯ ಮಾರ್ಗದವರಿಗೆ ಇದೇ ಅನುಕೂಲವೂ ಆಗಬಹುದು.

ಹಣ ಕಳುಹಿಸುವ ಕ್ರಮ

ಭಾರತದಲ್ಲಿ ವಾಸಿಸುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಂತೆ ಆರ್ಥಿಕ ವರ್ಷವೊಂದಕ್ಕೆ ತಲಾ 2 ಲಕ್ಷ 50 ಸಾವಿರ ಡಾಲರುಗಳವರೆಗೆ ಪರದೇಶಕ್ಕೆ ಕಳುಹಿಸಬಹುದು. 2004ರಲ್ಲಿ ಆರಂಭವಾದಾಗ ಈ ಮಿತಿ 25,000 ಡಾಲರು ಮಾತ್ರ ಇತ್ತು. ಠೇವಣಿಗಾಗಿ ಕಳುಹಿಸುವ ಹಣ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ನೂರಕ್ಕೆ 20ರಂತೆ ತೆರಿಗೆ ವಸೂಲು ಮಾಡುತ್ತದೆ. 21 ಲಕ್ಷ 60 ಸಾವಿರವನ್ನು ಒಬ್ಬರೇ ಒಂದೇ ವರ್ಷದಲ್ಲಿ ಕಳುಹಿಸಿದರೆ 2 ಲಕ್ಷ 32 ಸಾವಿರ ರೂಪಾಯಿ ಹೀಗೆ ಹಿಡಿಯಲ್ಪಡುತ್ತದೆ. ಇದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆಯ ವಿವರಪತ್ರದಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಆದರೆ ಅಲ್ಲಿಯ ತನಕ ಕೈಗೆ ಸಿಗದು. ಮಾರ್ಚಿಗೆ ಮೊದಲು ಅರ್ಧ, ಏಪ್ರಿಲಿನ ನಂತರ ಅರ್ಧ ಕಳುಹಿಸಿದರೆ ಈ ಹೊರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಅನಿಶ್ಚಿತ ಕಾಲ ನೆಲಸುವ ಉದ್ದೇಶದಿಂದ ಹೊರಟವರು ವಿದೇಶೀ ವಿನಿಮಯ ಕಾನೂನಿನ ದೃಷ್ಟಿಯಲ್ಲಿ ಅನಿವಾಸಿಗಳು. ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿ ಸಾಧಾರಣ ಖಾತೆಯಾಗಿ, ಅಂದರೆ ಎನ್ಆರ್‌ಓ ಖಾತೆಯಾಗಿ, ಬದಲಿಸಿಕೊಳ್ಳಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಮೊದಲಾದ ಚಾಲ್ತಿ ಆದಾಯವನ್ನು ತೆರಿಗೆ ಸಲ್ಲಿಸಿ ಅದರಿಂದ ಪರದೇಶಕ್ಕೆ ಕಳುಹಿಸಲು ಅಡ್ಡಿಯಿಲ್ಲ. ಮನೆ ಮಾರಿದ ಹಣ ಮುಂತಾದುವಕ್ಕೆ ವರ್ಷಕ್ಕೆ 10 ಲಕ್ಷ ಡಾಲರುಗಳ ಮಿತಿ ಇದೆ. ಅನಿವಾಸಿಯಾದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸದಾಗಿ ಹಣ ತೊಡಗಿಸುವಂತಿಲ್ಲ. ಅಲ್ಲಿಯ ತೆರಿಗೆಯನ್ನೂ ವಿಚಾರಿಸಬೇಕು: ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿ ಇರುವವರು ಒಳತರುವ ಪರದೇಶದ ಆದಾಯಕ್ಕೆ 2024ರಿಂದ ಅಲ್ಲಿ ತೆರಿಗೆಯ ಪ್ರಶ್ನೆ ಏಳುತ್ತದೆ, ಉಭಯ ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದವಿದೆ.

ನವೆಂಬರ್ ತಿಂಗಳು

ಪಿಂಚಣಿದಾರರು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡಬೇಕು. ಕೌಂಟರಿನ ಭಾಷೆಯಲ್ಲಿ ಇದು ಲೈಫ್ ಸರ್ಟಿಫಿಕೇಟು. ಕೊಡದಿದ್ದರೆ ಪಿಂಚಣಿ ತಡೆಹಿಡಿಯಲ್ಪಡುತ್ತದೆ. ಮುಂಬಯಿಯಲ್ಲಿದ್ದರೆ ಮರುದಿನವೇ ಶಾಖೆಗೆ ಹೋಗಿ ಸರಿಪಡಿಸಬಹುದು. ಪರದೇಶದಲ್ಲಿದ್ದವನಿಗೆ ಪರಿಣಾಮ ಬೇರೆ: ಹನ್ನೆರಡು ತಿಂಗಳ ಹಣದ ಸರಣಿಯಲ್ಲಿ ಒಂದು ಕೊಂಡಿ ಕಳಚುತ್ತದೆ, ಆಮೇಲೆ ಬಾಕಿ ಒಟ್ಟಿಗೆ ಬಂದರೂ ವಲಸೆ ಅಧಿಕಾರಿಯ ಕಣ್ಣಿಗೆ ಆ ತಿಂಗಳು ಬರಿದೇ. ಈ ಕಷ್ಟಕ್ಕೆ ಪರಿಹಾರ ಸುಲಭವಿದೆ. 2014ರ ನವೆಂಬರಿನಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ 2021ರಿಂದ ಮುಖ ಗುರುತಿಸುವ ಸೌಕರ್ಯವೂ ಸೇರಿರುವುದರಿಂದ ಆಧಾರ್ ಇದ್ದವರು ಮೊಬೈಲಿನಿಂದಲೇ ಪ್ರಮಾಣಪತ್ರ ಸಲ್ಲಿಸಬಹುದು. ಭಾರತೀಯ ರಾಯಭಾರ ಕಚೇರಿಯ ಮೂಲಕವೂ ಮಾಡಿಸಬಹುದು. ಅಕ್ಟೋಬರಿನಲ್ಲೇ ಸಿದ್ಧತೆ ಆರಂಭಿಸುವುದು ಲೇಸು.

ಹೆಸರಿನ ತೊಡಕು

ನಮ್ಮಲ್ಲಿ ಊರು, ತಂದೆ, ಮನೆತನ ಮೂರನ್ನೂ ಇನಿಶಿಯಲ್ಲುಗಳಲ್ಲಿ ಅಡಗಿಸುವ ರೂಢಿಯಿದೆ. ಪಿಂಚಣಿ ಆದೇಶದಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ವಿಸ್ತಾರವಾದ ಇನ್ನೊಂದು ರೀತಿ, ಪ್ಯಾನಿನಲ್ಲಿ ಮೂರನೆಯ ರೀತಿ. ನಮಗೆ ಮೂವರೂ ಒಬ್ಬರೇ. ಪರದೇಶದ ಗುಮಾಸ್ತನಿಗೆ ಮೂವರು ಬೇರೆ. ಬ್ಯಾಂಕಿನ ಹೆಸರಿಗೂ ಇದೇ ಗತಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಅದೇ ವರ್ಷ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಆದೇಶದಲ್ಲಿ ಹಳೆಯ ಹೆಸರು, ಖಾತೆಯ ವಿವರದಲ್ಲಿ ಹೊಸ ಹೆಸರು ಇರುವವರು, ಎರಡೂ ಒಂದೇ ಎಂದು ತಿಳಿಸುವ ಪತ್ರವನ್ನು ತಮ್ಮ ಶಾಖೆಯಿಂದ ಪಡೆದಿಟ್ಟುಕೊಳ್ಳಬೇಕು. ಊರಿನ ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದವರು ಹೊರಡುವ ಮುನ್ನವೇ ವಿವಾಹ ಪ್ರಮಾಣಪತ್ರ ಮಾಡಿಸಿ ದೃಢೀಕರಿಸಿಕೊಳ್ಳಬೇಕು.

ಒಬ್ಬರೇ ಉಳಿದಾಗ

ಇಲ್ಲಿಯ ತನಕ ಹೇಳಿದುದು ಅಂಕೆಸಂಖ್ಯೆಗಳ ಮಾತು. ಅತಿ ಮುಖ್ಯವಾದ ಮಾತು ಬೇರೆಯೇ ಇದೆ. ನನ್ನ ಪರಿಚಯದ ಹಿರಿಯರೊಬ್ಬರು ಮುಲುಂಡಿನ ಮನೆಗೆ ಬೀಗ ಹಾಕಿ ಪತ್ನಿಯೊಡನೆ ಮಗನಿದ್ದ ಬ್ಯಾಂಕಾಕಿಗೆ ಹೋಗಿ ನೆಲಸಿದ್ದರು. ಕಾಗದಪತ್ರಗಳಲ್ಲಿ ಬಹು ಶಿಸ್ತಿನವರು; ಠೇವಣಿ, ಲೈಫ್ ಸರ್ಟಿಫಿಕೇಟು ಯಾವುದರಲ್ಲೂ ಲೋಪವಿರಲಿಲ್ಲ. ಮೂರನೆಯ ವರ್ಷ ಹೃದಯಾಘಾತದಿಂದ ತೀರಿಕೊಂಡರು. ಆಗ ಒಂದರ ಹಿಂದೆ ಒಂದು ತೊಡಕು ಎದ್ದಿತು. ಜಂಟಿ ಖಾತೆಯ ಹಣವನ್ನು ನವೀಕರಣಕ್ಕೆ ಪೂರ್ತಿಯಾಗಿ ಗಣಿಸುವುದಿಲ್ಲವೆಂದು ಠೇವಣಿಯನ್ನು ತಮ್ಮೊಬ್ಬರ ಹೆಸರಿನಲ್ಲೇ ಇಟ್ಟಿದ್ದರು. ಅವರೊಂದಿಗೇ ಆ ಖಾತೆಯೂ ಸ್ತಬ್ಧವಾಯಿತು. ಅದನ್ನು ಬಿಡಿಸಲು ಅಲ್ಲಿಯ ನ್ಯಾಯಾಲಯದಿಂದ ಆಸ್ತಿಯ ನಿರ್ವಾಹಕರ ನೇಮಕವಾಗಬೇಕಿತ್ತು. ಪತ್ನಿಯ ವಾಸದ ಅನುಮತಿ ಪತಿಯದನ್ನೇ ಅವಲಂಬಿಸಿತ್ತು. ಕುಟುಂಬ ಪಿಂಚಣಿಗೆ ಥಾಯ್ ಭಾಷೆಯ ಮರಣಪತ್ರವನ್ನು ಭಾಷಾಂತರಿಸಿ ದೃಢೀಕರಿಸಿ ಕಳುಹಿಸಬೇಕಿತ್ತು.

ಆ ತಾಯಿ ಮುಲುಂಡಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಕುಳಿತು ಕಾಗದಗಳ ಚೀಲವನ್ನು ಇಟ್ಟು, "ಹಣ ಎಲ್ಲಿಗೂ ಹೋಗಲಿಲ್ಲವಲ್ಲ, ಮಗಾ?" ಎಂದು ಕೇಳಿದರು. "ಹೋಗಿಲ್ಲ ಅಮ್ಮಾ, ಬರುತ್ತದೆ" ಎಂದೆ. ಬಂದಿತು; ಆದರೆ ಬರಲು ವರ್ಷಕ್ಕೂ ಮೇಲೆ ಹಿಡಿಯಿತು. ಆ ಒಂದು ವರ್ಷ ಅವರನ್ನು ನಡೆಸಿದ್ದು ಮಾರದೆ ಉಳಿಸಿದ್ದ ಆ ಮನೆ ಮತ್ತು ಅವರ ಹೆಸರಿನಲ್ಲೇ ಇಲ್ಲಿದ್ದ ಒಂದು ಸಣ್ಣ ಠೇವಣಿ.

ಬ್ಯಾಂಕು ನೌಕರರ ಕುಟುಂಬ ಪಿಂಚಣಿ 2021ರ ಆಗಸ್ಟಿನಲ್ಲಿ ಕೊನೆಯ ವೇತನದ ನೂರಕ್ಕೆ 30ಕ್ಕೆ ಏರಿತು. ಅದಕ್ಕೆ ಮುಂಚೆ 9,284 ರೂಪಾಯಿಯ ಗರಿಷ್ಠ ಮಿತಿಯಿತ್ತು. ಇದು ದೊಡ್ಡ ಉಪಕಾರವೇ. ಆದರೂ ಪಿಂಚಣಿಗಿಂತ ಕುಟುಂಬ ಪಿಂಚಣಿ ಕಡಿಮೆಯೇ. 90,000 ಇದ್ದುದು 45,000ಕ್ಕೆ ಇಳಿಯಿತೆಂದುಕೊಂಡರೆ, ಅದು ವರ್ಷಕ್ಕೆ 2 ಲಕ್ಷ ಬಾಟ್ ಮಾತ್ರ; ಠೇವಣಿ 4 ಲಕ್ಷದಿಂದ 6 ಲಕ್ಷಕ್ಕೆ ಏರಬೇಕು. ಅಂದರೆ ದುಃಖದ ನಡುವೆ 5 ಲಕ್ಷ 40 ಸಾವಿರ ರೂಪಾಯಿ ಹೊಂದಿಸಬೇಕು. ಆದುದರಿಂದ ಹೊರಡುವ ಮುನ್ನ ಮಾಡುವ ಲೆಕ್ಕವನ್ನು ಇಬ್ಬರ ಆದಾಯದ ಮೇಲಲ್ಲ, ಉಳಿಯುವ ಒಬ್ಬರ ಆದಾಯದ ಮೇಲೆ ಮಾಡಬೇಕು. ಪತ್ನಿಗೂ ಅಲ್ಲಿ ಸ್ವಂತ ಖಾತೆ, ಸಾಧ್ಯವಾದರೆ ಸ್ವತಂತ್ರ ಅನುಮತಿ ಇರಲಿ. ಎರಡೂ ದೇಶಗಳ ಆಸ್ತಿಗೆ ಉಯಿಲು ಬರೆದಿಡಿ. ಪಿಂಚಣಿ ಆದೇಶದಲ್ಲಿ ಪತ್ನಿಯ ಹೆಸರೂ ಜನ್ಮದಿನಾಂಕವೂ ಸರಿಯಾಗಿವೆಯೇ ಎಂದು ನೋಡಿ.

ಆರೋಗ್ಯದ ವಿಚಾರ

ಇಲ್ಲಿಯ ಮೆಡಿಕ್ಲೇಮ್ ಪಾಲಿಸಿಗಳು ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಅನ್ವಯಿಸುತ್ತವೆ. ಪರದೇಶದಲ್ಲಿ ಬೇರೆ ವಿಮೆ ಬೇಕು. ಥಾಯ್ಲೆಂಡಿನ ಓ-ಎ ವರ್ಗದ ವೀಸಾಕ್ಕೆ 2019ರ ಅಕ್ಟೋಬರ್ 31ರಿಂದ ಅದು ಕಡ್ಡಾಯವಾಯಿತು. ವಯಸ್ಸು ಏರಿದಂತೆ ವಿಮೆಯ ಕಂತು ಏರುತ್ತದೆ. ಮೊದಲೇ ಇದ್ದ ಮಧುಮೇಹ, ರಕ್ತದೊತ್ತಡಗಳನ್ನು ವಿಮಾ ಕಂಪೆನಿ ಹೊರಗಿಡಬಹುದು. ಇಲ್ಲಿಯ ಪಾಲಿಸಿಯನ್ನು ಖರ್ಚೆಂದು ಕೈಬಿಡಬೇಡಿ. ಎಪ್ಪತ್ತರ ನಂತರ ಮರಳಿ ಬಂದಾಗ ಹೊಸ ಪಾಲಿಸಿ ದೊರೆಯುವುದು ಕಷ್ಟ. ಕೊಲ್ಲಿ ದೇಶಗಳಲ್ಲಿ ಕೆಲವು ನೋವಿನ ಹಾಗೂ ನಿದ್ರೆಯ ಮಾತ್ರೆಗಳು ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯನ್ನೂ ಅಗತ್ಯವಿದ್ದಲ್ಲಿ ಮುಂಗಡ ಅನುಮತಿಯನ್ನೂ ಪಡೆದೇ ಒಯ್ಯಬೇಕು.

ಮಕ್ಕಳ ಬಳಿ ಇರಬೇಕೆಂಬ ಆಸೆ ಸಹಜವಾದದ್ದು. ಅದಕ್ಕೆ ತಣ್ಣೀರೆರಚುವುದು ಈ ಲೇಖಕನ ಉದ್ದೇಶವಲ್ಲ. ಹೋಗುವವರು ಅವಶ್ಯ ಹೋಗಲಿ. ಮೊದಲ ವರ್ಷ ಪರೀಕ್ಷಾರ್ಥವಾಗಿ ಹೋಗಲಿ, ಇಲ್ಲಿಯ ಮನೆಯ ಬೀಗದ ಕೈ ತಮ್ಮಲ್ಲೇ ಇರಲಿ. ನಿಯಮಗಳು ಬದಲಾಗುವಂಥವಾದುದರಿಂದ ಪ್ರತಿ ನವೀಕರಣಕ್ಕೆ ನಾಲ್ಕು ತಿಂಗಳ ಮುಂಚೆ ಆಯಾ ದೇಶದ ಕಚೇರಿಯಲ್ಲಿ ಪುನಃ ವಿಚಾರಿಸಲಿ. ಈ ಪುಟಗಳನ್ನು ಓದಿದ ಹಿರಿಯರು ಇಂದೇ ತಮ್ಮ ಪಿಂಚಣಿ ಆದೇಶವನ್ನು ಪೆಟ್ಟಿಗೆಯಿಂದ ತೆಗೆದು, ಮಡದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಮ್ಮೆ ಓದಿ ತೋರಿಸಿದರೆ ನನ್ನ ಶ್ರಮ ಸಾರ್ಥಕ.